1600 ಮೀಟರ್ ಓಟಕ್ಕೆ ಮುಂಚೆ ಎನರ್ಜಿ ಡ್ರಿಂಕ್: ಟೈಮಿಂಗ್ ಸುಧಾರಿಸುತ್ತಾ?

ಜಗಳೂರು ಹುಡುಗ

ಎಲ್ಲರಿಗೂ ನಮಸ್ಕಾರ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ತಯಾರಿ ಮಾಡುತ್ತಿದ್ದೇನೆ. ದಾವಣಗೆರೆಯಲ್ಲಿ ರೂಮ್ ಮಾಡಿಕೊಂಡು ಬೆಳಿಗ್ಗೆ ಜಿಲ್ಲಾ ಕ್ರೀಡಾಂಗಣದಲ್ಲಿ ಓಡುತ್ತೇನೆ. ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ನನ್ನದು 6:40ಕ್ಕೆ ನಿಂತುಬಿಟ್ಟಿದೆ, ಕೆಳಗೆ ಇಳಿಯುತ್ತಿಲ್ಲ.

ಜೊತೆಯ ಹುಡುಗರು ಓಟಕ್ಕೆ ಸ್ವಲ್ಪ ಮುಂಚೆ 20 ರೂಪಾಯಿಯ ಎನರ್ಜಿ ಡ್ರಿಂಕ್ ಬಾಟಲಿ ಕುಡಿಯುತ್ತಾರೆ. ಒಂದು ಹಾಕು, ದಮ್ಮು ಬರುತ್ತೆ ಅನ್ನುತ್ತಾರೆ. ಕೆಲವರು ಎರಡು ಕುಡಿಯುತ್ತಾರೆ. ನಾನು ಇನ್ನೂ ಮುಟ್ಟಿಲ್ಲ. ಇದರಿಂದ ನಿಜಕ್ಕೂ 10 ಸೆಕೆಂಡ್ ಸಿಗುತ್ತಾ? ಫಿಸಿಕಲ್ (ದೈಹಿಕ ಪರೀಕ್ಷೆ) ದಿನ ಕುಡಿದರೆ ಏನಾದರೂ ತೊಂದರೆ ಇದೆಯಾ? ನನ್ನ ತೂಕ 58 ಕೆಜಿ. ಗೊತ್ತಿರುವವರು ದಯವಿಟ್ಟು ಹೇಳಿ.

ಕುಂದವಾಡ ಕೆರೆ ರನ್ನರ್

ಲಾಭ ಇದೆ ತಮ್ಮಾ, ಇಲ್ಲ ಅನ್ನೋಕೆ ಆಗಲ್ಲ. ನಾನು ಹಾಫ್ ಮ್ಯಾರಥಾನ್ ಓಡುವವನು. 15 ಕಿಲೋಮೀಟರ್ ದಾಟಿದ ಮೇಲೆ ಸ್ವಲ್ಪ ಸಕ್ಕರೆ, ಸ್ವಲ್ಪ ಕೆಫೀನ್ ಹೊಟ್ಟೆಗೆ ಬಿದ್ದರೆ ಕಾಲಿಗೆ ಜೀವ ಬರುತ್ತದೆ. ಇದು ಇವತ್ತಿನ ವಿದ್ಯೆ ಅಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ ಫ್ರಾಂಕ್ ಶಾರ್ಟರ್ ಓಟದ ಮಧ್ಯೆ ಕುಡಿದದ್ದು ಗ್ಯಾಸ್ ಬಿಟ್ಟ ಕೋಕ್. ಅದರಲ್ಲಿದ್ದದ್ದೂ ಸಕ್ಕರೆ ಮತ್ತು ಕೆಫೀನ್ ತಾನೇ.

ಆದರೆ ನಿನ್ನ ಓಟ ಆರೂವರೆ ನಿಮಿಷದ್ದು. ಅಲ್ಲಿ ಇದೇ ಲೆಕ್ಕ ನಡೆಯುತ್ತಾ ಅನ್ನುವುದನ್ನು ಓದಿದವರೇ ಹೇಳಬೇಕು.

ಚಳ್ಳಕೆರೆ ಪಿಟಿ ಮೇಷ್ಟ್ರು

ಬಾಟಲಿ ವಿಚಾರ ಆಮೇಲೆ. ಮೊದಲು ನಿನ್ನ ನಾಲ್ಕು ರೌಂಡಿನ ಟೈಮ್ ಬೇರೆ ಬೇರೆಯಾಗಿ ಹಾಕಪ್ಪ. ಒಟ್ಟು 6:40 ಅಂದರೆ ನನಗೆ ಏನೂ ಗೊತ್ತಾಗಲ್ಲ.

ಡಯಟಿಷಿಯನ್, ವಿದ್ಯಾನಗರ

ಜಗಳೂರು ಹುಡುಗ, ಒಳ್ಳೆಯ ಪ್ರಶ್ನೆ. ಕುಡಿಯುವ ಮುಂಚೆ ಕೇಳಿದ್ದು ಇನ್ನೂ ಒಳ್ಳೆಯದು. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಬಾಟಲಿಯಲ್ಲಿ ಇರುವುದು ನೀರು, ಸಕ್ಕರೆ, ಗ್ಯಾಸ್, ಕೆಫೀನ್, ಟಾರಿನ್, ಒಂದಷ್ಟು ಬಿ ವಿಟಮಿನ್. ಇದರಲ್ಲಿ ಓಟಕ್ಕೆ ಸಹಾಯ ಮಾಡುತ್ತದೆ ಅಂತ ಗಟ್ಟಿಯಾಗಿ ಹೇಳಬಹುದಾದದ್ದು ಕೆಫೀನ್ ಒಂದೇ. ದಣಿದ ಹಾಗೆಲ್ಲ ನಮ್ಮ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಜಾಸ್ತಿ ಆಗುತ್ತದೆ. ಸುಸ್ತಾಗಿದೆ, ನಿಲ್ಲು ಅನ್ನುವ ಸುದ್ದಿ ಕೊಡುವುದು ಅದೇ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂತುಬಿಡುತ್ತದೆ. ಹಾಗಾಗಿ ಅಷ್ಟೇ ಕಷ್ಟದ ಓಟ ಸ್ವಲ್ಪ ಸಲೀಸು ಅನ್ನಿಸುತ್ತದೆ. ಮೈಗೆ ಹೊಸದಾಗಿ ಶಕ್ತಿ ಬಂದಿರುವುದಿಲ್ಲ, ಇರುವ ಶಕ್ತಿಯನ್ನು ಇನ್ನಷ್ಟು ಹೊತ್ತು ಬಳಸುತ್ತೀರಿ.

ಇದಕ್ಕೆ ಪುರಾವೆ ಇದೆ. 1978ರಲ್ಲಿ ಅಮೆರಿಕದ ಡೇವಿಡ್ ಕಾಸ್ಟಿಲ್ ಮತ್ತು ಜೊತೆಗಾರರು ಸೈಕ್ಲಿಸ್ಟ್‌ಗಳಿಗೆ 330 ಮಿಲಿಗ್ರಾಂ ಕೆಫೀನ್ ಇರುವ ಕಾಫಿ ಕೊಟ್ಟು ನೋಡಿದರು. ಕೆಫೀನ್ ಇಲ್ಲದ ಕಾಫಿ ಕುಡಿದಾಗ ಸುಮಾರು 75 ನಿಮಿಷಕ್ಕೆ ಕೈ ಚೆಲ್ಲಿದವರು ಕೆಫೀನ್ ಇದ್ದಾಗ 90 ನಿಮಿಷ ತುಳಿದರು. ನಿಮಗೆ ಇನ್ನೂ ಹತ್ತಿರದ್ದು ಹೇಳುತ್ತೇನೆ. 1992ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ 1500 ಮೀಟರ್ ಓಟಗಾರರು ಟ್ರೆಡ್‌ಮಿಲ್ ಮೇಲೆ ಓಡಿದ್ದರು. ಮಾಮೂಲಿ ಕಾಫಿ ಕುಡಿದಾಗ, ಕೆಫೀನ್ ತೆಗೆದ ಕಾಫಿ ಕುಡಿದಾಗಿನದಕ್ಕಿಂತ ಸುಮಾರು 4 ಸೆಕೆಂಡ್ ಬೇಗ ಮುಗಿಸಿದರು.

ಅಂದರೆ 4 ಸೆಕೆಂಡ್. ಅದೂ ಚೆನ್ನಾಗಿ ತರಬೇತಿ ಆದವರಿಗೆ. ನಿಮಗೆ ಬೇಕಿರುವುದು 10.

ಈಗ ಪ್ರಮಾಣ ನೋಡಿ. ಓಟಕ್ಕೆ ಸಹಾಯ ಆಗುವ ಕೆಫೀನ್ ಅಂದರೆ ಸಾಮಾನ್ಯವಾಗಿ ಒಂದು ಕೆಜಿ ತೂಕಕ್ಕೆ 3ರಿಂದ 6 ಮಿಲಿಗ್ರಾಂ, ಓಟಕ್ಕೆ ಸುಮಾರು ಒಂದು ಗಂಟೆ ಮುಂಚೆ. ಕೆಲವರಿಗೆ 2 ಮಿಲಿಗ್ರಾಂ ಕೂಡ ಸಾಕಾಗುತ್ತದೆ. 58 ಕೆಜಿಗೆ ಮೂರರಂತೆ ಲೆಕ್ಕ ಹಾಕಿದರೆ 174 ಮಿಲಿಗ್ರಾಂ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದ ಪ್ರಕಾರ ಇಂಥ ಪಾನೀಯದಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬೇಕು. 250 ಮಿಲಿ ಬಾಟಲಿಯಲ್ಲಿ ಅಬ್ಬಬ್ಬಾ ಅಂದರೆ 75. ಒಂದು ಬಾಟಲಿ ನಿಮಗೆ ಸಾಲುವುದೇ ಇಲ್ಲ. ಎರಡು ಕುಡಿದರೆ ಅರ್ಧ ಲೀಟರ್ ಗ್ಯಾಸ್ ನೀರು ಹೊಟ್ಟೆಯಲ್ಲಿ ಕುಲುಕುತ್ತದೆ. ಓಡುವಾಗ ತೇಗು, ಹೊಟ್ಟೆ ತೊಳಸುವುದು, ಪಕ್ಕೆ ಹಿಡಿಯುವುದು ಎಲ್ಲಾ ಸಾಧ್ಯ.

ಸಕ್ಕರೆಯ ಲೆಕ್ಕ ಇನ್ನೂ ಸುಲಭ. ಓಡುವಾಗ ಒಂದು ಕೆಜಿ ತೂಕಕ್ಕೆ, ಒಂದು ಕಿಲೋಮೀಟರಿಗೆ ಹೆಚ್ಚು ಕಡಿಮೆ ಒಂದು ಕ್ಯಾಲರಿ ಖರ್ಚು. ನಿಮ್ಮ 1600 ಮೀಟರಿಗೆ ನೂರು ಕ್ಯಾಲರಿಯೂ ಬೇಡ. ಹಿಂದಿನ ರಾತ್ರಿ ಉಂಡ ಅನ್ನ, ರೊಟ್ಟಿಯಿಂದ ಸ್ನಾಯುಗಳಲ್ಲಿ ಶೇಖರವಾದ ಗ್ಲೈಕೋಜೆನ್ ಒಂದು ಗಂಟೆಗೂ ಮೀರಿ ಓಡುವಷ್ಟು ಇರುತ್ತದೆ. ಆರೂವರೆ ನಿಮಿಷದ ಓಟಕ್ಕೆ ಬಾಟಲಿಯ ಸಕ್ಕರೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ಜಗಳೂರು ಹುಡುಗ

ತುಂಬಾ ಧನ್ಯವಾದ ಮೇಡಂ. ಮೇಷ್ಟ್ರೇ, ಇವತ್ತು ಸ್ನೇಹಿತನ ಕೈಯಲ್ಲಿ ಸ್ಟಾಪ್‌ವಾಚ್ ಕೊಟ್ಟು ಓಡಿದೆ. 400 ಮೀಟರಿನ ರೌಂಡುಗಳು: 86, 98, 110, 106. ಒಟ್ಟು 6:40.

ಚಳ್ಳಕೆರೆ ಪಿಟಿ ಮೇಷ್ಟ್ರು

ಸಿಕ್ತು ನೋಡು. ನಿನ್ನ 10 ಸೆಕೆಂಡ್ ಮೊದಲನೇ ರೌಂಡಿನಲ್ಲಿ ಕೂತಿದೆ.

6:30 ಅಂದರೆ 390 ಸೆಕೆಂಡ್. ನಾಲ್ಕರಿಂದ ಭಾಗಿಸಿದರೆ ರೌಂಡಿಗೆ 97 ಮುಕ್ಕಾಲು ಕೂಡ ಅಲ್ಲ, 97 ಅರ್ಧ. ನೀನು 86ಕ್ಕೆ ಹೋಗಿದ್ದೀಯ. ಅದು 5:44ರ ಓಟದ ವೇಗ, ನಿನ್ನ ಈಗಿನ ದಮ್ಮಿನ ವೇಗ ಅಲ್ಲ. ಶುರುವಿನಲ್ಲಿ ಹಾಗೆ ಕಿತ್ತುಕೊಂಡು ಹೋದರೆ ಸ್ನಾಯುವಿಗೆ ಆಮ್ಲಜನಕ ಸಾಲುವುದಿಲ್ಲ, ಮೂರನೇ ರೌಂಡಿಗೆ ಕಾಲು ಕಲ್ಲಾಗುತ್ತದೆ. ನಿನ್ನ ಮೂರನೇ ರೌಂಡ್ 110, ನೋಡಿದೆಯಾ?

ಬ್ಯಾಚಿನಲ್ಲಿ ಎಲ್ಲರೂ ಸೀಟಿ ಊದಿದ ತಕ್ಷಣ ಹಾರುತ್ತಾರೆ. ಅವರ ಹಿಂದೆ ಬೀಳಬೇಡ. ಮೊದಲ ರೌಂಡ್ 97, ಎರಡು ಮತ್ತು ಮೂರು 98, ಕೊನೆಯದು 96 ಅಥವಾ ಕಮ್ಮಿ. ಕೂಡಿಸು, 389. ಈಗ ಇರುವ ದಮ್ಮಿನಲ್ಲೇ ಇದಕ್ಕೆ ತೀರಾ ಹತ್ತಿರ ಬರುತ್ತೀಯ.

ಉಳಿದದ್ದು ಅಭ್ಯಾಸ. ವಾರಕ್ಕೆ ಒಂದು ದಿನ 400 ಮೀಟರ್ ಆರು ಸಲ, ಪ್ರತಿ ಸಲ 94 ಅಥವಾ 95 ಸೆಕೆಂಡ್, ಮಧ್ಯೆ ಎರಡು ನಿಮಿಷ ನಡಿಗೆ. ಇನ್ನೊಂದು ದಿನ 6ರಿಂದ 8 ಕಿಲೋಮೀಟರ್ ನಿಧಾನ ಓಟ, ಮಾತಾಡಿಕೊಂಡು ಓಡುವ ವೇಗದಲ್ಲಿ. ನಮ್ಮ ಹುಡುಗರು ಈ ನಿಧಾನದ ಓಟವನ್ನು ಬಿಟ್ಟುಬಿಡುತ್ತಾರೆ, ದಿನಾ 1600 ಮಾತ್ರ ಓಡಿ ಟೈಮ್ ನೋಡುತ್ತಾರೆ. ದಿನಾ ಪರೀಕ್ಷೆ ಬರೆದರೆ ಓದುವುದು ಯಾವಾಗ?

ರಜೆ ಮೇಲಿರುವ ಫೌಜಿ

ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ನಾನು ಗ್ರೌಂಡಿನ ಒಂದು ಮಾತು ಸೇರಿಸುತ್ತೇನೆ.

ಓಟಕ್ಕೆ ಒಂದು ಗಂಟೆ ಮುಂಚೆ ಅಂತ ಪುಸ್ತಕದಲ್ಲಿ ಬರೆಯಬಹುದು. ಭರ್ತಿಯಲ್ಲಿ ನಿಮ್ಮ ಬ್ಯಾಚ್ ಯಾವಾಗ ಅಂತ ಯಾರಿಗೆ ಗೊತ್ತು? ರಾತ್ರಿಯೇ ಬಂದು ಗೇಟಿನ ಮುಂದೆ ಮಲಗಿರುತ್ತಾರೆ. ಬೆಳಗಿನ ಜಾವ ಸಾಲು ಶುರು. ಕಾಗದ ಪತ್ರ ನೋಡುತ್ತಾರೆ, ಎದೆ, ಎತ್ತರ ಅಳೆಯುತ್ತಾರೆ. 6ಕ್ಕೆ ಕುಡಿದವನು 9ಕ್ಕೆ ಓಡಬಹುದು, 11ಕ್ಕೂ ಓಡಬಹುದು. ಅಷ್ಟರಲ್ಲಿ ಕೈ ನಡುಗುತ್ತಿರುತ್ತದೆ, ಮೂತ್ರಕ್ಕೆ ಅವಸರ, ಸಾಲು ಬಿಟ್ಟು ಹೋಗುವ ಹಾಗಿಲ್ಲ. ಮೊದಲೇ ಟೆನ್ಶನ್ನಿಗೆ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಅದರ ಮೇಲೆ ಇದು.

ಒಂದು ಭರ್ತಿಯಲ್ಲಿ ನನ್ನ ಪಕ್ಕದ ಹುಡುಗ ಖಾಲಿ ಹೊಟ್ಟೆಯಲ್ಲಿ ಎರಡು ಬಾಟಲಿ ಕುಡಿದು ಬಂದಿದ್ದ. ಎರಡನೇ ರೌಂಡಿನಲ್ಲಿ ಟ್ರ್ಯಾಕ್ ಪಕ್ಕ ಕೂತು ವಾಂತಿ ಮಾಡಿದ. ನನಗಿಂತ ಚೆನ್ನಾಗಿ ಓಡುವ ಹುಡುಗ. ಅವನ ಅಪ್ಪ ಗೇಟಿನ ಹೊರಗೆ ಕಾಯುತ್ತಿದ್ದರು. ಇಂಥ ಹುಡುಗರನ್ನು ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಗ್ನಿವೀರ್‌ಗೆ ಓಡುವವರಿಗೂ ಇದೇ ಮಾತು. ಅಲ್ಲಿ 1.6 ಕಿಲೋಮೀಟರನ್ನು 5:30ರೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಅಲ್ಲಿ ಸೆಕೆಂಡಿಗೆ ಇನ್ನೂ ಬೆಲೆ ಜಾಸ್ತಿ, ಹಾಗಾಗಿ ಹುಡುಗರು ಏನು ಕೊಟ್ಟರೂ ಕುಡಿಯಲು ತಯಾರಾಗಿರುತ್ತಾರೆ.

ಕುಂದವಾಡ ಕೆರೆ ರನ್ನರ್

ಮೇಡಂ, ಒಂದು ಸಂದೇಹ. ಕುಡಿದವರೆಲ್ಲ ಚೆನ್ನಾಗಿ ಓಡಿದೆ ಅನ್ನುತ್ತಾರಲ್ಲ? ಅವರೆಲ್ಲ ಸುಳ್ಳು ಹೇಳುತ್ತಿಲ್ಲ.

ಡಯಟಿಷಿಯನ್, ವಿದ್ಯಾನಗರ

ಸುಳ್ಳಲ್ಲ ಸಾರ್. ಕೆಫೀನ್ ಕೆಲಸ ಮಾಡಿರಬಹುದು. ನಂಬಿಕೆಯೂ ಕೆಲಸ ಮಾಡಿರಬಹುದು. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೈಕ್ಲಿಸ್ಟ್‌ಗಳಿಗೆ ಕೆಫೀನ್ ಕೊಡುತ್ತೇವೆ ಅಂತ ಹೇಳಿ, ಕೊಟ್ಟದ್ದು ಬರೀ ಖಾಲಿ ಮಾತ್ರೆ. ಜಾಸ್ತಿ ಕೆಫೀನ್ ಕುಡಿದಿದ್ದೇನೆ ಅಂತ ನಂಬಿದಾಗ ಅವರ ಶಕ್ತಿ ಸುಮಾರು ಶೇ 3ರಷ್ಟು ಏರಿತು. ಸ್ವಲ್ಪ ಅಂತ ನಂಬಿದಾಗ ಶೇ 1ರ ಮೇಲೆ. ಏನೂ ತೆಗೆದುಕೊಂಡಿಲ್ಲ ಅಂತ ನಂಬಿದಾಗ ಕಡಿಮೆಯೇ ಆಯಿತು.

ಇದನ್ನು ಕೇಳಿ ನಗಬೇಡಿ. ನಮ್ಮ ಹುಡುಗರಿಗೆ ನಂಬಿಕೆ ಬೇಕು, ಅದು ತಪ್ಪಲ್ಲ. ಆದರೆ ಆ ನಂಬಿಕೆ ಅಭ್ಯಾಸದ ಮೇಲೆ ನಿಂತಿರಲಿ, ಬಾಟಲಿ ಸಿಗದ ದಿನ ಕಾಲು ಕುಸಿಯಬಾರದು.

ಇನ್ನೊಂದು. ಕೆಫೀನ್ ಎಲ್ಲರಿಗೂ ಒಂದೇ ಥರ ಹಿಡಿಸುವುದಿಲ್ಲ. ಲಿವರ್‌ನಲ್ಲಿ ಅದನ್ನು ಕರಗಿಸುವ ವೇಗ ಒಬ್ಬೊಬ್ಬರದು ಒಂದೊಂದು. ಸರಾಸರಿ ಐದು ಗಂಟೆಯಾದರೂ ಕುಡಿದದ್ದರಲ್ಲಿ ಅರ್ಧ ಮೈಯಲ್ಲೇ ಇರುತ್ತದೆ. ಸಂಜೆ 6ಕ್ಕೆ ಓಡಿ ಬಂದು ಬಾಟಲಿ ಕುಡಿದರೆ ರಾತ್ರಿ 11ಕ್ಕೆ ಇನ್ನೂ ಅರ್ಧ ಉಳಿದಿದೆ. ನಿದ್ದೆ ಹೋಗುತ್ತದೆ. ನಿದ್ದೆ ಹೋದರೆ ಮರುದಿನದ ಅಭ್ಯಾಸ ಹೋಗುತ್ತದೆ, ಅದಕ್ಕೆ ಮತ್ತೆ ಬಾಟಲಿ. ದಾವಣಗೆರೆಯಲ್ಲಿ ಕೋಚಿಂಗ್‌ಗೆ ಬಂದು ರೂಮ್ ಮಾಡಿರುವ ಹುಡುಗರಲ್ಲಿ ನಾನು ಹೆಚ್ಚು ನೋಡುವುದು ಇದನ್ನೇ. ರಾತ್ರಿ ಓದಲು ಒಂದು, ಬೆಳಿಗ್ಗೆ ಓಡಲು ಒಂದು.

ಹೊಸದುರ್ಗದ ಅಮ್ಮ

ನನ್ನ ಮಗ ಒಂಬತ್ತನೇ ಕ್ಲಾಸ್. ಸ್ಕೂಲಿನ ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ 3000 ಮೀಟರ್ ಓಡುತ್ತಾನೆ. ದೊಡ್ಡ ಹುಡುಗರನ್ನು ನೋಡಿ ಅವನೂ ಇದನ್ನು ಕುಡಿಯುತ್ತಿದ್ದಾನೆ ಅಂತ ಮೊನ್ನೆ ಗೊತ್ತಾಯಿತು. ಅಂಗಡಿಯವರು ಕೇಳದೆ ಕೊಡುತ್ತಾರೆ. ಬೈದರೆ ಕೇಳುವ ವಯಸ್ಸಲ್ಲ. ಮಕ್ಕಳಿಗೆ ಇದು ಎಷ್ಟರಮಟ್ಟಿಗೆ ಕೆಟ್ಟದ್ದು?

ಡಯಟಿಷಿಯನ್, ವಿದ್ಯಾನಗರ

ಅಮ್ಮಾ, ಮಕ್ಕಳಿಗೆ ಬೇಡವೇ ಬೇಡ. ಬಾಟಲಿ ತಿರುಗಿಸಿ ಸಣ್ಣ ಅಕ್ಷರ ಓದಿ. ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಕುಡಿಯಬಾರದು ಅಂತ ಅಲ್ಲೇ ಅಚ್ಚಾಗಿರುತ್ತದೆ. ಮಗನ ಕೈಯಲ್ಲೇ ಓದಿಸಿ. ಬೈಗುಳಕ್ಕಿಂತ ಅದು ನಾಟುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಎನರ್ಜಿ ಡ್ರಿಂಕ್‌ಗೆ ಮಕ್ಕಳ ಆಹಾರದಲ್ಲಿ ಜಾಗವೇ ಇಲ್ಲ ಅಂದಿದೆ. ಲಿಥುವೇನಿಯಾ 2014ರಲ್ಲಿ, ಪೋಲೆಂಡ್ 2024ರಲ್ಲಿ 18 ವರ್ಷದೊಳಗಿನವರಿಗೆ ಮಾರುವುದನ್ನೇ ನಿಲ್ಲಿಸಿದವು.

ಎದೆಯ ವಿಷಯವೂ ಇದೆ. 2019ರಲ್ಲಿ ಅಮೆರಿಕದಲ್ಲಿ 34 ಆರೋಗ್ಯವಂತ ಯುವಕ ಯುವತಿಯರಿಗೆ ಒಂದು ಲೀಟರಿಗೆ ಸ್ವಲ್ಪ ಕಡಿಮೆ ಎನರ್ಜಿ ಡ್ರಿಂಕ್ ಕುಡಿಸಿ ಇಸಿಜಿ ನೋಡಿದರು. ಹೃದಯದ ವಿದ್ಯುತ್ ಬಡಿತದಲ್ಲಿ ಬದಲಾವಣೆ ಕಂಡಿತು, ರಕ್ತದೊತ್ತಡವೂ ಏರಿತು. ಎಲ್ಲರಿಗೂ ಅಪಾಯ ಆಗುತ್ತದೆ ಅಂತ ಇದರ ಅರ್ಥ ಅಲ್ಲ. ಆದರೆ ಹುಟ್ಟಿನಿಂದ ಹೃದಯದಲ್ಲಿ ಸಣ್ಣ ದೋಷ ಇರುವ ಮಕ್ಕಳು ನಮ್ಮ ನಡುವೆ ಇದ್ದಾರೆ, ಅವರಿಗೇ ಅದು ಗೊತ್ತಿರುವುದಿಲ್ಲ. ಓಡುವಾಗ ತಲೆ ಸುತ್ತಿ ಬಿದ್ದ ಮಗು, ಎದೆ ನೋವು ಅನ್ನುವ ಮಗು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ದಿಢೀರ್ ತೀರಿಕೊಂಡವರಿದ್ದರೆ ಆ ಮನೆಯ ಮಗು: ಇವರನ್ನು ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಟ್ರ್ಯಾಕಿಗೆ ಕಳಿಸಿ.

ಮೆಡಿಕಲ್ ಶಾಪ್ ಅಣ್ಣ, ಚಿತ್ರದುರ್ಗ

ನನ್ನ ಅಂಗಡಿ ಒನಕೆ ಓಬವ್ವ ಕ್ರೀಡಾಂಗಣದಿಂದ ದೂರ ಇಲ್ಲ, ಓಡುವ ಹುಡುಗರು ದಿನಾ ಬರುತ್ತಾರೆ. ಎನರ್ಜಿ ಡ್ರಿಂಕ್, ಸ್ಪೋರ್ಟ್ಸ್ ಡ್ರಿಂಕ್, ಓಆರ್‌ಎಸ್ ಮೂರೂ ಒಂದೇ ಅಂದುಕೊಂಡಿದ್ದಾರೆ. ಮೂರೂ ಬೇರೆ.

ಎನರ್ಜಿ ಡ್ರಿಂಕ್‌ನಲ್ಲಿ ಕೆಫೀನ್ ಇದೆ, ಸಕ್ಕರೆ ದಟ್ಟವಾಗಿದೆ. ರೆಡ್ ಬುಲ್‌ನಲ್ಲಿ 100 ಮಿಲಿಗೆ 11 ಗ್ರಾಂ. ಅಷ್ಟು ದಟ್ಟ ಇದ್ದರೆ ಹೊಟ್ಟೆಯಿಂದ ಕೆಳಗೆ ಇಳಿಯುವುದು ನಿಧಾನ. ಸ್ಪೋರ್ಟ್ಸ್ ಡ್ರಿಂಕ್ 1965ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಆಟಗಾರರಿಗೆ ಅಂತಲೇ ತಯಾರಾದದ್ದು, 100 ಮಿಲಿಗೆ ಸುಮಾರು 6 ಗ್ರಾಂ ಸಕ್ಕರೆ, ಜೊತೆಗೆ ಉಪ್ಪು. ಓಆರ್‌ಎಸ್ ಔಷಧಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಇನ್ನೆರಡು ಲವಣ. ವಾಂತಿ ಭೇದಿಗೆ ಅಂತ ಮಾಡಿದ್ದು.

ಟೆಟ್ರಾ ಪ್ಯಾಕಿನಲ್ಲಿ ಓಆರ್‌ಎಸ್ ಹೆಸರಿಟ್ಟುಕೊಂಡು ಸಿಹಿ ನೀರು ಮಾರುತ್ತಿದ್ದದ್ದೂ ಉಂಟು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜಿನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ಎಫ್‌ಎಸ್‌ಎಸ್‌ಎಐ, ಸೂತ್ರಕ್ಕೆ ಸರಿಹೊಂದದ ಪಾನೀಯಕ್ಕೆ ಆ ಹೆಸರು ಹಾಕುವಂತಿಲ್ಲ ಅಂತ ಆದೇಶ ಮಾಡಿತು. ಪುಡಿಯ ಪ್ಯಾಕೆಟ್ ತೆಗೆದುಕೊಳ್ಳಿ, ಮೇಲೆ ಸೂತ್ರ ಬರೆದಿದೆಯಾ ನೋಡಿ.

ಹರಿಹರ ಓಟಗಾರ್ತಿ

ಹೆಣ್ಣು ಮಕ್ಕಳ ಬಗ್ಗೆ ಯಾರೂ ಮಾತಾಡಲಿಲ್ಲ. ನಮಗೆ ಕಾನ್‌ಸ್ಟೇಬಲ್ ಫಿಸಿಕಲ್‌ನಲ್ಲಿ 400 ಮೀಟರ್, 2 ನಿಮಿಷ. ನನ್ನ ಗೆಳತಿಗೆ ಎಷ್ಟು ಓಡಿದರೂ ಏದುಸಿರು, ಮೆಟ್ಟಿಲು ಹತ್ತಿದರೂ ಸುಸ್ತು. ಅವಳೂ ಎನರ್ಜಿ ಡ್ರಿಂಕ್ ಹಿಡಿದಿದ್ದಳು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ತೀರಾ ಕಡಿಮೆ. ಡಾಕ್ಟರ್ ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಈಗ ಅದೇ ಹುಡುಗಿ ನನ್ನ ಮುಂದೆ ಓಡುತ್ತಾಳೆ.

ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣು ಮಕ್ಕಳಲ್ಲಿ ಶೇ 57ರಷ್ಟು ಜನರಿಗೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅರ್ಧಕ್ಕಿಂತ ಜಾಸ್ತಿ! ಅಕ್ಕ ತಂಗಿಯರೇ, ಸುಸ್ತಿಗೆ ಬಾಟಲಿ ಹುಡುಕುವ ಮುಂಚೆ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಸಲ ಹಿಮೋಗ್ಲೋಬಿನ್ ನೋಡಿಸಿ. ಊಟದ ಜೊತೆಗೇ ಟೀ ಕಾಫಿ ಕುಡಿಯಬೇಡಿ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ.

ಕುಂದವಾಡ ಕೆರೆ ರನ್ನರ್

ದೂರ ಓಡುವವರಿಗಾಗಿ ನಾನು ಮಾಡಿಕೊಳ್ಳುವುದನ್ನು ಹೇಳುತ್ತೇನೆ. ಒಂದು ಗಂಟೆಯೊಳಗಿನ ಓಟಕ್ಕೆ ನೀರು ಸಾಕು. ಅದಕ್ಕಿಂತ ಜಾಸ್ತಿ ಆದರೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಪದಾರ್ಥ ಬೇಕು. ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಒಂದು ನಿಂಬೆಹಣ್ಣು. ನಮ್ಮ ಪಾನಕವೇ, ಉಪ್ಪು ಸ್ವಲ್ಪ ಮುಂದು. ಖರ್ಚು ಹತ್ತು ರೂಪಾಯಿ ಚಿಲ್ಲರೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಹಾಗಾಗಿ ಓಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ನನಗೆ ಹೆಚ್ಚು ಇಷ್ಟ.

ಹಾಗಂತ ನೀರನ್ನೂ ಸಿಕ್ಕಾಪಟ್ಟೆ ಕುಡಿಯಬಾರದು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ ಶೇ 13ರಷ್ಟು ಜನರಿಗೆ ರಕ್ತದಲ್ಲಿ ಸೋಡಿಯಂ ಇಳಿದಿತ್ತು. ಓಟದ ಹೊತ್ತಿನಲ್ಲಿ ಅತಿಯಾಗಿ ಕುಡಿದದ್ದೇ ದೊಡ್ಡ ಕಾರಣ. ಬಾಯಾರಿಕೆ ಆದಾಗ ಕುಡಿಯಿರಿ. ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಕಡೆ 8 ಗಂಟೆ ಮೇಲೆ ದೂರದ ಓಟವೇ ಬೇಡ.

ಜಗಳೂರು ಹುಡುಗ

ಇನ್ನೊಂದು ಕೇಳುತ್ತೇನೆ. ರಾಜ್ಯ ಮಟ್ಟಕ್ಕೆ ಓಡುವ ಸ್ನೇಹಿತ ಇದ್ದಾನೆ. ಕೆಫೀನ್ ಡೋಪಿಂಗ್ ಆಗುತ್ತಾ? ಜಿಮ್‌ನಲ್ಲಿ ವ್ಯಾಯಾಮಕ್ಕೆ ಮುಂಚೆ ಕುಡಿಯಲು ಕೊಡುವ ಪ್ರೀ ವರ್ಕೌಟ್ ಪುಡಿ ಪರವಾಗಿಲ್ವಾ?

ಡಯಟಿಷಿಯನ್, ವಿದ್ಯಾನಗರ

ಕೆಫೀನ್‌ಗೆ ಮೊದಲು ಮಿತಿ ಇತ್ತು, ಮೂತ್ರದಲ್ಲಿ ಮಿಲಿಲೀಟರಿಗೆ 12 ಮೈಕ್ರೋಗ್ರಾಂ ದಾಟಿದರೆ ತಪ್ಪು. 2004ರಲ್ಲಿ ವಾಡಾ (ಡೋಪಿಂಗ್ ತಡೆಯುವ ವಿಶ್ವ ಸಂಸ್ಥೆ) ಅದನ್ನು ನಿಷೇಧದ ಪಟ್ಟಿಯಿಂದ ತೆಗೆಯಿತು. ಈಗ ಬರೀ ಗಮನಿಸುತ್ತಾರೆ.

ಪುಡಿ ಬೇರೆ ಕಥೆ. ಡಬ್ಬದ ಮೇಲೆ ಬರೆಯದ ಉತ್ತೇಜಕ ಒಳಗಿರಬಹುದು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮುಂಚೆ ನಮ್ಮ ಹಲವು ಕ್ರೀಡಾಪಟುಗಳು ಮಿಥೈಲ್‌ಹೆಕ್ಸಾನಮೀನ್ ಎಂಬ ವಸ್ತುವಿಗೆ ಸಿಕ್ಕಿಬಿದ್ದರು. ಇಂಥ ಪುಡಿಗಳಲ್ಲಿ ಸೇರಿರುತ್ತಿದ್ದ ವಸ್ತು ಅದು. ಸ್ನೇಹಿತನಿಗೆ ಹೇಳಿ, ಸೀಲ್ ಒಡೆದ ಡಬ್ಬದಿಂದ ಒಂದು ಚಮಚವೂ ಬೇಡ.

ನಿಮ್ಮ ಫಿಸಿಕಲ್ ದಿನಕ್ಕೆ ನನ್ನ ಸಲಹೆ ಇಷ್ಟು. ಹಿಂದಿನ ರಾತ್ರಿ ಅನ್ನ ಸಾರು, ರೊಟ್ಟಿ ಪಲ್ಯ, ದಿನಾ ತಿನ್ನುವುದೇ. ಹೊಸ ಹೋಟೆಲ್, ಮಿರ್ಚಿ ಮಂಡಕ್ಕಿ ಬೇಡ. ಬೆಳಿಗ್ಗೆ ಸಾಲಿಗೆ ನಿಲ್ಲುವ ಮುಂಚೆ ಎರಡು ಬಾಳೆಹಣ್ಣು, ಒಂದು ಲೋಟ ನೀರು. ದಿನಾ ಕಾಫಿ ಕುಡಿಯುವ ಅಭ್ಯಾಸ ಇದ್ದರೆ ಅವತ್ತೂ ಕುಡಿಯಿರಿ, ಇಲ್ಲದಿದ್ದರೆ ಅವತ್ತೇ ಶುರು ಮಾಡಬೇಡಿ. ಕೆಫೀನ್ ಪ್ರಯೋಗ ಮಾಡಲೇಬೇಕು ಅಂದರೆ ಈಗಲೇ, ಅಭ್ಯಾಸದ ದಿನ, ಗಟ್ಟಿ ಕಾಫಿಯಿಂದ ಮಾಡಿ ನೋಡಿ. ಕೈ ನಡುಗಿದರೆ, ಎದೆ ಹೊಡೆದುಕೊಂಡರೆ ಅಲ್ಲಿಗೇ ಬಿಡಿ.

ಚಳ್ಳಕೆರೆ ಪಿಟಿ ಮೇಷ್ಟ್ರು

ಕಾಫಿ ಪ್ರಯೋಗ ಮೂರು ವಾರ ತಡೆದು ಮಾಡಪ್ಪ. ಮೊದಲು ರೌಂಡುಗಳನ್ನು ಸಮ ಮಾಡು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಟೈಮ್ ಇಳಿಯಿತು ಅಂತ ಗೊತ್ತಾಗಲ್ಲ.

ಜಗಳೂರು ಹುಡುಗ

ಸರಿ ಮೇಷ್ಟ್ರೇ. ಇವತ್ತು ಮೊದಲ ರೌಂಡ್ ಬೇಕಂತಲೇ ತಡೆದು ಓಡಿದೆ. 96, 99, 101, 98. ಒಟ್ಟು 6:34. ಮೊದಲ ರೌಂಡಿನಲ್ಲಿ ಎಲ್ಲರಿಗಿಂತ ಹಿಂದಿದ್ದೆ, ಮನಸ್ಸು ತಡೆಯಲಿಲ್ಲ. ಮೂರನೇ ರೌಂಡಿನಲ್ಲಿ ಒಬ್ಬೊಬ್ಬರೇ ಸಿಕ್ಕಿದರು.

ಚಳ್ಳಕೆರೆ ಪಿಟಿ ಮೇಷ್ಟ್ರು

ಭೇಷ್. ಮೂರನೆಯದು ಇನ್ನೂ 101 ಇದೆ, ಅಲ್ಲಿ ಗಮನ ಕೊಡು. ಮಂಗಳವಾರ 400ರ ಆರು ಓಟ ಮುಗಿಸಿ ಆರರ ಟೈಮನ್ನೂ ಇಲ್ಲೇ ಹಾಕು.